ಯಾರೂ ಸಾಯದ ಬೆಳಗಿನ ಓಟ

ಕಾಮಸಮುದ್ರದ ಆಚೆಗಿನ ಒಂದು ಊರಲ್ಲಿ ಜಯರಾಮಪ್ಪನ ಮಗಳು ಕಲಾ ಮೊದಲ ಸಲ ಬೆಳಗ್ಗೆ ಓಡಿದ ದಿನ, ಮೇಲಿನ ಬೀದಿಯವರು ಮಧ್ಯಾಹ್ನದವರೆಗೂ ಒಲೆ ಆರಿಸಿಟ್ಟರು. ಕೆಳಗಿನ ಬೀದಿಯ ಜಯರಾಮಪ್ಪನ ಮನೆಯವರು ತಲೆಮಾರುಗಳಿಂದ ಸಾವಿನ ಸುದ್ದಿ ಹೊತ್ತು ಊರೂರಿಗೆ ಓಡಿದವರು. ತಾತ ಓಡಿದ, ಅಪ್ಪ ಮಂಡಿ ಸವೆಯುವವರೆಗೆ ಓಡಿದ. ಆ ಮನೆಯ ಕಾಲು ಓಟ ಕಿತ್ತಿತೆಂದರೆ ಯಾರದೋ ಉಸಿರು ನಿಂತಿದೆ ಎಂದೇ ಅರ್ಥ. ಪಂಚಾಯ್ತಿ ಮೆಂಬರ್ ಅಶ್ವತ್ಥಪ್ಪನ ಹೆಂಡತಿ ಮುದ್ದೆಗೆ ಕುದಿಯುತ್ತಿದ್ದ ಎಸರು ಚೆಲ್ಲಿದಳು. ಅವಳನ್ನು ನೋಡಿ ಬೀದಿಯೆಲ್ಲ ಚೆಲ್ಲಿತು. ಉಪವಾಸ ಕೂತು ಹೆಣಕ್ಕೆ ಕಾದರು. ಎಲ್ಲರೂ ದಿವಿನಾಗಿ ಬದುಕಿದ್ದರು.

ಈ ಅವಮಾನವನ್ನು ಯಾರೂ ಕ್ಷಮಿಸಲಿಲ್ಲ.

ಕಲಾ ಹತ್ತಿರದ ಚಿನ್ನದ ಗಣಿಯೂರಿನ ನಂದಿದುರ್ಗದ ಶಾಲೆಯೊಂದರಲ್ಲಿ ಕಸ ಗುಡಿಸುತ್ತಾಳೆ. ಅಲ್ಲಿನ ಮೈದಾನದಲ್ಲಿ ಹೆಂಗಸರು ಬೂಟು ಹಾಕಿಕೊಂಡು, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡುವುದನ್ನು ಕಂಡು ಮೊದಲು ನಕ್ಕಳು, ಆಮೇಲೆ ಸೇರಿಕೊಂಡಳು. ಬಂಗಾರಪೇಟೆಯ ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟಳು. ಅದನ್ನು ಓಡಿ ಮುಗಿಸಬೇಕು, ಅಷ್ಟೇ ಆಸೆ. ಗುಂಪಿನ ಅರ್ಚನ ಮೇಡಂ ಹೇಳಿಕೊಟ್ಟದ್ದೂ ಒಂದೇ ಪಾಠ: ನಿಧಾನವಾದರೂ ಸರಿ, ನಿಲ್ಲಬೇಡ.

ಊರಲ್ಲಿ ಅದೇ ಕಷ್ಟ. ಓಟಿಗಾಗಿ ಕೆಳಗಿನ ಬೀದಿಗೆ ಬರುವ ಅಶ್ವತ್ಥಪ್ಪನಿಗೆ ಕೆಳಗಿನ ಬೀದಿಯ ಓಟ ಮಾತ್ರ ಸೇರುವುದಿಲ್ಲ. ದಿನಾ ಅವಳು ಮೇಲಿನ ಬೀದಿ ಹಾಯುವಾಗ ತನ್ನ ಮನೆ ಜಗಲಿಯಲ್ಲಿ ಕೂತು, "ಇವತ್ತು ಯಾರಮ್ಮೀ ಸತ್ತೋರು?" ಎನ್ನುವನು. ಕಲಾ ನಿಂತು, ಯಾರೂ ಇಲ್ಲವೆಂದು ವಿವರಿಸುವಳು. ವಿವರಿಸಿ ಮುಗಿಯುವಷ್ಟರಲ್ಲಿ ಬೆವರು ಆರಿ, ಉಸಿರು ಹದ ತಪ್ಪಿ, ಮನೆಗೇ ತಿರುಗುವಳು. ದಾರಿಗೆ ಸಗಣಿ ನೀರು ಚೆಲ್ಲಿದರು, ನಾಯಿ ಛೂ ಬಿಟ್ಟರು. ಅಪ್ಪನೂ ಬೈದ. ತಿಂಗಳುಗಟ್ಟಲೆ ಹೀಗೇ ನಡೆದು, ಒಂದು ದಿನ ಅವಳು ನಿಲ್ಲಲಿಲ್ಲ. ಪ್ರಶ್ನೆ ಹಿಂದೆ ಉಳಿಯಿತು. ಅದಕ್ಕೆ ಓಡಿ ಅಭ್ಯಾಸವಿರಲಿಲ್ಲ.

ಮ್ಯಾರಥಾನಿನ ಬೆಳಗ್ಗೆ ಅಶ್ವತ್ಥಪ್ಪನ ತಾಯಿ ಆದಿಲಕ್ಷ್ಮಮ್ಮ ನಿಜವಾಗಿಯೂ ತೀರಿಕೊಂಡರು. ಕಲಾ ಬೂಟಿನ ದಾರ ಕಟ್ಟುತ್ತಿದ್ದಾಗ ಅವನು ಬಾಗಿಲಿಗೆ ಬಂದ, ಹೊಸಿಲು ದಾಟಲಿಲ್ಲ. ಬೀಗರಿಗೆ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಮರ್ಯಾದೆಯಲ್ಲ, ಆಳು ಹೋಗಬೇಕು, ಅದೂ ಈ ಮನೆಯ ಆಳೇ. ಬೀಗರ ಊರು ಬಂಗಾರಪೇಟೆಗೆ ಎದುರು ದಿಕ್ಕು.

"ನಿನ್ ಕೈಲಾಗಲ್ಲ ಜಯರಾಮ, ಮಗಳ್ನ ಕಳ್ಸು. ಎಂಗೂ ದಿನಾ ಓಡ್ತಾಳಲ್ಲ."

ಅಪ್ಪ ಮಗಳ ಮುಖ ನೋಡಿದ. ಕಲಾ ಗಂಟು ಬಿಗಿದು ಎದ್ದಳು.

"ನಿಮ್ಮಮ್ಮನ್ ವಿಷ್ಯ ಬೇಜಾರಾತಣ್ಣ. ಬೈಕೈತಲ್ಲ, ನೀನೇ ಓಗಿ ಸುದ್ದಿ ಮುಟ್ಸು. ನಾನು ಓಡೋದು ಸತ್ತೋರಿಗಲ್ಲ."

"ನಮ್ ಬೀದೀಲಿ ಇನ್ ಎಂಗ್ ಓಡ್ತೀಯೋ ನೋಡ್ತೀನಿ ಕಣಮ್ಮೀ."

"ನೋಡಣ್ಣ. ದಿನಾ ನೋಡ್ತಾನೇ ಇದ್ದೀಯ."

ಬಂಗಾರಪೇಟೆಯಲ್ಲಿ ಅವಳು ಗೆರೆ ಮುಟ್ಟುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಡಬ್ಬಕ್ಕೆ ತುಂಬಿಟ್ಟಿದ್ದ ಪದಕವೊಂದನ್ನು ಗೊಣಗುತ್ತ ತೆಗೆದುಕೊಟ್ಟರು.

ಸೂತಕ ಕಳೆದ ಮೇಲೂ ಮೇಲಿನ ಬೀದಿ ಅವಳೊಂದಿಗೆ ಮಾತಾಡಲಿಲ್ಲ. ಅವಳು ಓಡುವುದನ್ನು ಬಿಡಲಿಲ್ಲ. ಜಗಲಿಯಲ್ಲಿದ್ದ ಅಶ್ವತ್ಥಪ್ಪ ಯಾರು ಸತ್ತರೆಂದು ಕೇಳದೆ ಕ್ಯಾಕರಿಸಿ ಉಗಿದ. ಒಳಗೆ ಅವನ ಹೆಂಡತಿ, ಓಡುವ ಸದ್ದು ಕೇಳಿಯೂ, ಎಸರಿಗೆ ಹಿಟ್ಟು ಹಾಕಿದಳು.