ಬಲಗಡೆಗೆ ಹೋದ ಹ್ಯಾಂಡಲ್

ಗುಜರಿ ಅಂಗಡಿಯ ಹಳೆಯ ಪ್ಲೈವುಡ್ಡಿಗೆ ಒಂದು ವಾಸನೆ ಇರುತ್ತದೆ. ಎಣ್ಣೆ, ಧೂಳು, ಇಲಿ ಹಿಕ್ಕೆ, ಎಂದೋ ಬಿಸಿಯಾಗಿ ಆರಿದ ವೈರು ಎಲ್ಲ ಸೇರಿದ ವಾಸನೆ. ಕಳೆದ ತಿಂಗಳು ಇಲ್ಲೇ ನಮ್ಮ ಸವಣೂರಿನಲ್ಲಿ ಹಳೆಯ ಪೇಪರು ಹಾಕಲು ಹೋದಾಗ ಅದು ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ ಮುರಿದ ಸೈಕಲ್ಲು, ತೂತು ಬಿದ್ದ ಕೊಡಗಳ ನಡುವೆ ಮೊಳದುದ್ದದ ಒಂದು ಹಲಗೆ. ಅದರ ಮೇಲೆ ಕೆಂಪು ಗುಂಡಿನ ಹ್ಯಾಂಡಲ್, ಪಕ್ಕಕ್ಕೆ ಎರಡು ಬಿಳಿ ಬಟನ್. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಓಣಿಗೆ ಬಂದಿದ್ದ ವಿಡಿಯೋ ಗೇಮ್ ಮಶೀನಿನ ಹಲಗೆ. ಅದೇ ಎಂದು ಗುರುತಿಸುವುದು ಕಷ್ಟವಾಗಲಿಲ್ಲ, ಯಾಕೆಂದರೆ ಹ್ಯಾಂಡಲ್ ಬಲಗಡೆ ಇತ್ತು. ನಾನು ಕಂಡ ಬೇರೆಲ್ಲ ಮಶೀನುಗಳಲ್ಲೂ ಅದು ಎಡಗಡೆ ಇರುತ್ತಿತ್ತು, ಬಟನ್ ಬಲಗಡೆ. ಇದೊಂದರಲ್ಲಿ ಮಾತ್ರ ತಿರುವುಮುರುವು. ಎಡಗಡೆಯ ದೊಡ್ಡ ತೂತಿಗೆ ಕಟ್ಟಿಗೆಯ ಬಿಲ್ಲೆ ಬಡಿದು ಬಣ್ಣ ಬಳಿದಿದ್ದರು.

ಪಕ್ಕದಲ್ಲಿ ತೂಕ ಮಾಡಿಸುತ್ತ ನಿಂತಿದ್ದ, ನನಗಿಂತ ತುಸು ಸಣ್ಣವರೊಬ್ಬರು ಅದನ್ನು ಕೈಗೆತ್ತಿಕೊಂಡು ಹ್ಯಾಂಡಲ್ ತಿರುವಿದರು. “ಏನ್ ದಿನಾರಿ ಅವು! ಸಾಲಿ ಬಿಟ್ಟ ಕೂಡ್ಲೆ ಓಡಿ ಬರ್ತಿದ್ವಿ” ಎಂದರು. ಕಣ್ಣಲ್ಲಿ ನೀರು ಬೇರೆ. ನನಗೆ ಮೈಯೆಲ್ಲ ಉರಿಯಿತು. ಅವರ ತಪ್ಪೇನಿಲ್ಲ, ಹುಡುಗರಿಗೆ ಅದು ಬರೀ ಆಟವಾಗಿತ್ತು. ನಮ್ಮ ಪಕ್ಕದ ಮನೆಯ ವೈನಿಗೆ ಅದು… ಇರಲಿ, ಮೊದಲಿನಿಂದ ಹೇಳುತ್ತೇನೆ.

ವೈನಿ ಎಂದರೆ ಅಣ್ಣನ ಹೆಂಡತಿ. ಒಡಹುಟ್ಟಿದ ಅಣ್ಣನಲ್ಲ, ಪಕ್ಕದ ಮನೆಯವನು. ಸಣ್ಣಂದಿನಿಂದ ಅಣ್ಣ ಎಂದು ಕರೆದು ರೂಢಿ. ಊರಿಗೆಲ್ಲ ಅವನು ‘ಭಾಳ ಛಲೋ ಮನಶ್ಯಾ’. ಇಲ್ಲಿ ಅವನಿಗೆ ಬಹುವಚನ ಹಚ್ಚಲು ನನ್ನ ಕೈ ಬರುವುದಿಲ್ಲ, ಓದುವವರು ಏನಾದರೂ ಅಂದುಕೊಳ್ಳಲಿ. ವೈನಿ ಹಾನಗಲ್ಲಿನಾಚೆಯ ತಿಳವಳ್ಳಿಯವರು. ಮದುವೆಯಾಗಿ ಬಂದಾಗ ನನಗಿಂತ ಒಂದೆರಡು ವರ್ಷ ದೊಡ್ಡವರಿದ್ದರು ಅಷ್ಟೇ. ನಾನು ಮೆಟ್ರಿಕ್ ಮುಗಿಸಿದ್ದೆ. ಹುಡುಗಿಯನ್ನು ಮುಂದೆ ಓದಿಸಬೇಕೋ ಬೇಡವೋ ಎಂದು ಅಪ್ಪ ಇನ್ನೂ ಯೋಚಿಸುತ್ತಲೇ ಇದ್ದ. ಹಗಲೆಲ್ಲ ಮನೆಯಲ್ಲೇ ಬಿದ್ದಿರುತ್ತಿದ್ದೆನಾದ್ದರಿಂದ ಇಬ್ಬರಿಗೂ ಬೇಗ ಸಲುಗೆ ಬೆಳೆಯಿತು.

ವೈನಿ ಎಡಗೈಯವರು. ನಮ್ಮ ಕಡೆ ಅಂಥವರನ್ನು ರೊಡ್ಡ, ರೊಡ್ಡಿ ಎನ್ನುತ್ತಾರೆ, ಬೈಗುಳದ ಹಾಗೆ. ಹೆಣ್ಣು ನೋಡಲು ಬಂದವರಿಗೆ ಇದು ಗೊತ್ತಾಗಬಾರದೆಂದು ಅವರ ಅವ್ವ ವಾರಗಟ್ಟಲೆ ಬಲಗೈಯಲ್ಲಿ ಅವಲಕ್ಕಿ ತಾಟು ಕೊಡುವುದನ್ನು ರೂಢಿ ಮಾಡಿಸಿದ್ದರಂತೆ. ಮದುವೆ ಮುಗಿದು ಇಲ್ಲಿ ರೊಟ್ಟಿ ಬಡಿಯಲು ಕುಳಿತ ಮೊದಲ ದಿನವೇ ಗುಟ್ಟು ರಟ್ಟಾಯಿತು. ಹಿಟ್ಟಿನ ಮುದ್ದೆ ಕಂಡೊಡನೆ ಎಡಗೈ ತಾನಾಗಿಯೇ ಮುಂದೆ ಬಂದು ತಪತಪ ಬಡಿಯತೊಡಗಿತಂತೆ.

“ತೊಳಕೊಳ್ಳೂ ಕೈಲೆ ಬಡದ ರೊಟ್ಟಿ ಯಾರ ತಿಂತಾರ? ನಾಯಿಗೆ ಹಾಕ್ರಿ” ಎಂದರು ಅವರ ಅತ್ತೆ. ಮರುದಿನದಿಂದ ಅಡುಗೆ ಮುಗಿಯುವ ತನಕ ಸೊಸೆಯ ಎಡಗೈ ಬೆರಳುಗಳಿಗೆ ಒದ್ದೆ ಬಟ್ಟೆ ಸುತ್ತಿ ಬಿಗಿದು ಕಟ್ಟತೊಡಗಿದರು. ಬಲಗೈಯ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು, ನಡುವೆ ದಪ್ಪ ಉಳಿಯುತ್ತಿತ್ತು. ಅದಕ್ಕೂ ಬೈಗುಳ. ಅಣ್ಣ ಆ ಹರಿದ ರೊಟ್ಟಿ ಮುರಿದುಕೊಂಡು ಉಣ್ಣುತ್ತ, “ಕಲೀತಾಳ ಬಿಡಬೇ” ಎಂದು ಅವ್ವನಿಗೆ ಹೇಳುತ್ತಿದ್ದ. ಆ ಬಟ್ಟೆ ಬಿಚ್ಚು ಎಂದು ಒಂದು ದಿನವೂ ಹೇಳಲಿಲ್ಲ. ಛಲೋ ಮನುಷ್ಯ!

ಹೀಗಿರುವಾಗ ಅವನು ಹುಬ್ಬಳ್ಳಿಯಿಂದ ಟೆಂಪೋದಲ್ಲಿ ಆ ಮಶೀನು ಹೇರಿಕೊಂಡು ಬಂದ. ಮನೆಯ ಮುಂದಿನ ಕೋಣೆಯಲ್ಲಿದ್ದ ಎಲೆ ಅಡಿಕೆ ಅಂಗಡಿ ತೆಗೆದು ಅಲ್ಲಿ ಅದನ್ನು ನಿಲ್ಲಿಸಿದ. ಕಪಾಟಿನಷ್ಟು ಎತ್ತರ. ಎದೆಮಟ್ಟಕ್ಕೆ ಗಾಜು, ಹೊಟ್ಟೆಮಟ್ಟಕ್ಕೆ ಹಲಗೆ. ಗಾಜಿನೊಳಗೆ ಮೇಲಿನಿಂದ ಬಣ್ಣಬಣ್ಣದ ಹುಳಗಳು ಸಾಲುಗಟ್ಟಿ ಇಳಿದು ಬರುತ್ತಿದ್ದವು, ಕೆಳಗೆ ನಮ್ಮದೊಂದು ಪುಟ್ಟ ವಿಮಾನ. ಹ್ಯಾಂಡಲಿನಿಂದ ವಿಮಾನ ಓಡಾಡಿಸಬೇಕು, ಬಟನ್ ಒತ್ತಿ ಗುಂಡು ಹಾರಿಸಬೇಕು. ಓಣಿಯ ಹುಡುಗರೆಲ್ಲ ಅದಕ್ಕೆ ಹುಳದ ಆಟ ಎನ್ನುತ್ತಿದ್ದರು. ಶಾಲೆ ಬಿಟ್ಟೊಡನೆ ಕೋಣೆಯೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಅದರ ಕುಂಯ್ ಕುಂಯ್ ಸದ್ದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಮಧ್ಯಾಹ್ನ ಹುಡುಗರು ಶಾಲೆಯಲ್ಲಿರುತ್ತಿದ್ದರು. ಅಣ್ಣ ಊಟ ಮಾಡಿ ಬಸ್‌ಸ್ಟ್ಯಾಂಡಿನ ಕಡೆ ಹರಟೆಗೆ ಹೋದರೆ, ಅವನ ಅವ್ವ ಹಿತ್ತಲ ಕೋಣೆಯಲ್ಲಿ ಅಡ್ಡಾಗುತ್ತಿದ್ದರು. ಅಂಥ ಒಂದು ಮಧ್ಯಾಹ್ನ ನಾನೂ ವೈನಿಯೂ ಮುಂದಿನ ಕದ ಅರ್ಧ ಮುಂದಕ್ಕೆಳೆದು ಮಶೀನಿನ ಮುಂದೆ ನಿಂತೆವು. ಮೊದಲು ನಾನು ಆಡಿದೆ. ನನ್ನ ಎಡಗೈಗೆ ಏನೂ ತಿಳಿಯದು, ವಿಮಾನ ಗಾಜಿನ ಅಂಚಿಗೆ ಹೋಗಿ ಅಂಟಿಕೊಂಡು ಸತ್ತಿತು. ಆಮೇಲೆ ವೈನಿ ಹಿಡಿದರು. ಎಡಗೈ ಹ್ಯಾಂಡಲಿನ ಮೇಲೆ ಬಿದ್ದ ಕೂಡಲೇ ಅವರ ಹೆಗಲು ಕೆಳಗಿಳಿಯಿತು. ಮದುವೆಯಾಗಿ ಬಂದಂದಿನಿಂದ ಅವರು ಹೆಗಲು ಬಿಗಿ ಹಿಡಿದುಕೊಂಡೇ ಓಡಾಡುತ್ತಿದ್ದರು ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ವಿಮಾನ ಹುಳಗಳ ನಡುವೆ ನುಸುಳಿತು, ತಪ್ಪಿಸಿಕೊಂಡಿತು, ಮತ್ತೆ ಒಳಗೆ ನುಗ್ಗಿತು. ಹ್ಯಾಂಡಲನ್ನು ಅವರು ಮುಷ್ಟಿಯಲ್ಲಿ ಹಿಡಿಯುತ್ತಿರಲಿಲ್ಲ. ಮೂರು ಬೆರಳ ತುದಿಯಲ್ಲಿ, ಕುಂಕುಮ ತೆಗೆದುಕೊಂಡಷ್ಟು ಹಗುರಾಗಿ ಹಿಡಿಯುತ್ತಿದ್ದರು.

“ಇದನ್ನ ಮಾಡಿದಾಂವ ರೊಡ್ಡ ಇರಬೇಕ ನೋಡs” ಎಂದು ವೈನಿ ನಕ್ಕರು. “ಇಲ್ಲಂದ್ರ ಎಡಗೈಗೆ ಇಷ್ಟು ದೊಡ್ಡ ಕೆಲಸಾ ಯಾರ ಕೊಡ್ತಾರ?”

ಆ ನಗುವನ್ನು ಅವರ ಅತ್ತೆಯೂ ಕಂಡಿರಲಿಕ್ಕಿಲ್ಲ, ಗಂಡನೂ ಕಂಡಿರಲಿಕ್ಕಿಲ್ಲ. ಮುಂದೆ ದಿನಾ ಮಧ್ಯಾಹ್ನ ನಮ್ಮದು ಅದೇ ಕೆಲಸವಾಯಿತು. ಸಂಜೆ ಬಂದ ಹುಡುಗರು ಗಾಜಿನ ಮೇಲಿನ ದೊಡ್ಡ ಅಂಕಿ ನೋಡಿ, ಹಾವೇರಿಯ ಯಾವನೋ ಬಂದು ಆಡಿ ಹೋಗಿದ್ದಾನೆ ಎಂದು ಜಗಳಾಡುತ್ತಿದ್ದರು. ಅಡುಗೆಮನೆಯಲ್ಲಿ ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕರೆಂಟು ಹೋದರೆ ಅಂಕಿಯೆಲ್ಲ ಅಳಿಸಿಹೋಗುತ್ತಿತ್ತು, ನಮ್ಮೂರಲ್ಲಿ ಕರೆಂಟು ಹೋಗದ ದಿನವಾದರೂ ಯಾವುದಿತ್ತು…

ಆಮೇಲೆ ಶುರುವಾಯಿತು ಓಣಿಯ ಹಿರಿಯರ ಶಾಣ್ಯಾತನ. ಯಾರದೋ ಮಗ ಎಡಗೈಯಲ್ಲಿ ತಂಬಿಗೆ ಎತ್ತಿ ನೀರು ಕುಡಿದನಂತೆ. ಇನ್ನೊಬ್ಬ ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದನಂತೆ. ಒಂದು ಸಂಜೆ ನಾಲ್ಕೈದು ಜನ ಅಣ್ಣನ ಕಟ್ಟೆಯ ಮೇಲೆ ಬಂದು ಕುಳಿತರು.

“ನಿನ್ನ ಮಶೀನ್ ನಮ್ಮ ಹುಡುಗರನ್ನ ರೊಡ್ಡ ಮಾಡಾಕತ್ತೇತೊ ತಮ್ಮಾ. ನಾಳೆ ಇವರಿಗೆ ಹೆಣ್ಣ ಯಾರ ಕೊಡ್ತಾರ?”

ಸೈಕಲ್ ಹೊಡೆದರೆ ಕಾಲು ದುಂಡಗಾಗುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ, ಪುಣ್ಯ! ಇದೇ ಹಿರಿಯರು ದಿನಾ ಬೆಳಿಗ್ಗೆ ಎರಡೂ ಕೈಯಲ್ಲಿ ಎಮ್ಮೆ ಹಿಂಡುತ್ತಿದ್ದರು, ಆ ಹಾಲು ದೇವರಿಗೂ ನಡೆಯುತ್ತಿತ್ತು. ನಾನು ನಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಇದೆಲ್ಲ ಹುಚ್ಚು ಮಾತು ಎಂದು ಅಣ್ಣ ಒಂದು ಸಲ ಅನ್ನುತ್ತಾನೆ ಎಂದು ಕಾದೆ. ಅವನು, “ಹಂಗಾರ ಹ್ಯಾಂಡಲ್ ಬಲಕ್ಕ ಹಾಕಸ್ತೇನಿ ಬಿಡ್ರಿ, ಅದರಾಗೇನ ಐತಿ” ಎಂದ. ಎಲ್ಲರೂ ಖುಷಿಯಾಗಿ ಚಹಾ ಕುಡಿದು ಎದ್ದು ಹೋದರು. ಆ ಚಹಾ ಮಾಡಿದ್ದು ವೈನಿ.

ಎರಡು ದಿನದಲ್ಲಿ ಬಡಿಗ ಬಂದು ಹಲಗೆ ಕೊರೆದ, ಇನ್ನೊಬ್ಬ ಬಂದು ವೈರು ಬೆಸೆದ. ಒಳಬಾಗಿಲ ಹತ್ತಿರ ನಿಂತು ವೈನಿ ಎಲ್ಲವನ್ನೂ ನೋಡಿದರು. ಮರುದಿನ ಮಧ್ಯಾಹ್ನ ನಾನು ಹೋದಾಗ ಮಶೀನಿನ ಮುಂದೆ ನಿಂತು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಎಡಗೈಯನ್ನು ಅಡ್ಡ ಹಾಯಿಸಿ ಬಲಗಡೆಯ ಹ್ಯಾಂಡಲ್ ಹಿಡಿದರು, ಅದರ ಕೆಳಗಿನಿಂದ ಬಲಗೈ ತೂರಿಸಿ ಎಡಗಡೆಯ ಬಟನ್ ಒತ್ತಿದರು. ಕೈ ಕತ್ತರಿ ಹಾಕಿಕೊಂಡು, ಮೈ ಸೊಟ್ಟ ಮಾಡಿಕೊಂಡು ಆಡಿದರು. ಮೊದಲಿನಷ್ಟೇ ಚೆನ್ನಾಗಿ ಆಡಿದರು.

ಹುಡುಗರಿಗೆ ಮಾತ್ರ ಅದು ಆಗಲಿಲ್ಲ. ಕೈಗೆ ಕುಳಿತಿದ್ದ ಆಟ ಒಮ್ಮೆಲೇ ಕೈತಪ್ಪಿತು. ಒಂದು ಹುಳ ಹೊಡೆಯುವುದರೊಳಗೆ ವಿಮಾನ ಸತ್ತರೆ ಯಾರು ಆಡುತ್ತಾರೆ? ಶಿಗ್ಗಾಂವಿಯಲ್ಲಿ ಇನ್ನೊಂದು ಮಶೀನು ಬಂದಿತ್ತು, ಅದರಲ್ಲಿ ಹ್ಯಾಂಡಲ್ ಇರಬೇಕಾದಲ್ಲೇ ಇತ್ತು. ಹುಡುಗರು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದರು. ಇಲ್ಲಿ ಕೋಣೆ ಖಾಲಿ ಹೊಡೆಯಿತು. ಮಶೀನು ಒಂದೇ ಸಮನೆ ತನ್ನಷ್ಟಕ್ಕೆ ತಾನು ಕುಂಯ್‌ಗುಡುತ್ತ ನಿಂತಿರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಅಣ್ಣ ಬೇಗ ಬಂದುಬಿಟ್ಟ. ಬಾಗಿಲಲ್ಲಿ ನಿಂತು, ಹೆಂಡತಿ ಕೈ ಕತ್ತರಿ ಹಾಕಿಕೊಂಡು ಆಡುವುದನ್ನು ನೋಡಿದ. ಸಿಟ್ಟು ಮಾಡಲಿಲ್ಲ. ಹುಬ್ಬೇರಿಸಿ, ಆಟ ಮುಗಿಯುವ ತನಕ ಬಾಯಿ ತೆರೆದುಕೊಂಡು ನೋಡಿದ. ನಾನು ಹೇಳಿಯೇಬಿಟ್ಟೆ: “ನೋಡ್ರಿ ಅಣ್ಣಾರ, ಹ್ಯಾಂಡಲ್ ಮೊದಲಿನಂಗ ಮಾಡ್ರಿ, ಎಲ್ಲಾರೂ ಹೊಳ್ಳಿ ಬರ್ತಾರ.” ಅವನು ನಕ್ಕು ತಲೆಯಾಡಿಸಿದ. ಬುದ್ಧಿ ಬಂತು ಎಂದುಕೊಂಡೆ.

ಬುದ್ಧಿ ಬಂದದ್ದು ನಿಜ, ಆದರೆ ಬೇರೆ ಥರದ್ದು. ಹ್ಯಾಂಡಲ್ ಮತ್ತೆ ಎಡಕ್ಕೆ ಹಾಕಿಸಿದರೆ ಕಟ್ಟೆಯ ಮೇಲೆ ಕುಳಿತವರ ಎದುರು ಹಗುರಾಗಬೇಕು. ಹಾಕಿಸದಿದ್ದರೆ ಅಂಗಡಿ ಮುಳುಗಿದ್ದು ತನ್ನಿಂದ ಎಂದು ಒಪ್ಪಬೇಕು. ಎರಡೂ ಬೇಡವಾಗಿದ್ದವನಿಗೆ ಆ ಮಧ್ಯಾಹ್ನ ಮೂರನೆಯ ದಾರಿ ಕಂಡಿತು. ಸಂಜೆ ಅವ್ವನಿಗೆ ಹೇಳಿದ, ಅವ್ವ ಓಣಿಗೆ ಹೇಳಿದರು. ರೊಡ್ಡಿ ಸೊಸೆ ಯಾರಿಗೂ ಹೇಳದೆ ದಿನಾ ಮಶೀನಿಗೆ ಎಡಗೈ ಹಚ್ಚಿದ್ದಾಳೆ, ಅದಕ್ಕೇ ವ್ಯಾಪಾರ ಕೆಟ್ಟಿತು, ಹುಡುಗರು ರೊಡ್ಡರಾದದ್ದೂ ಅವಳ ಕೈಗುಣದಿಂದಲೇ. ಎಲ್ಲರಿಗೂ ಸಮಾಧಾನವಾಯಿತು. ನಾಲ್ಕು ದಿನ ತವರಿಗೆ ಹೋಗಿ ಬರಲಿ ಎಂದರು.

ಅವರು ಹೊರಟ ಬೆಳಿಗ್ಗೆ ನಾನು ಬೀದಿಯಲ್ಲಿ ನಿಂತು ಒದರಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. “ಹ್ಯಾಂಡಲ್ ತಿರುಗಿಸಿದಾವ್ರು ನೀವು, ಹೊರಗ ಹಾಕೂದು ವೈನಿನ್ನ ಏನ್ರಿ? ನಾಚಿಕಿ ಬರೂದಿಲ್ಲ?” ಕಟ್ಟೆಯ ಮೇಲಿನವರು ಮುಖ ತಿರುವಿದರು. ಅಣ್ಣ ಚಪ್ಪಲಿ ಹುಡುಕುವವನಂತೆ ಬಗ್ಗಿದ. ನಮ್ಮವ್ವ ಓಡಿ ಬಂದು ನನ್ನ ಕೆನ್ನೆಗೆ ಬಿಗಿದಳು. ವೈನಿ ನನ್ನ ಹತ್ತಿರ ಬಂದು, “ಸುಮ್ನಿರs ಹುಡುಗಿ. ನಾಲ್ಕ ದಿನಾ ಅಷ್ಟ. ಬರ್ತೇನಿ” ಎಂದರು. ಟ್ರಂಕು ಎತ್ತಿದ್ದು ಎಡಗೈಯಿಂದ. ಆ ಹೊತ್ತಿನಲ್ಲಿ ಯಾರೂ ಅದಕ್ಕೆ ಬೈಯಲಿಲ್ಲ.

ನಾಲ್ಕು ದಿನ ಮುಗಿಯಲೇ ಇಲ್ಲ. ಕರೆಯಲು ಇಲ್ಲಿಂದ ಯಾರೂ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಣ್ಣನ ಎರಡನೆಯ ಮದುವೆಯ ಊಟವನ್ನು ಓಣಿಯೆಲ್ಲ ಉಂಡಿತು. ‘ಪಾಪ, ಮೊದಲನೇದ್ದು ಹೊಂದಲಿಲ್ಲ’ ಎಂದರು. ಹೊಂದದೇ ಇದ್ದದ್ದು ಯಾರು ಎಂದು ಕೇಳುವವರಿರಲಿಲ್ಲ. ನಾನು ಆ ಊಟಕ್ಕೆ ಹೋಗಲಿಲ್ಲ, ಅದಕ್ಕೂ ಮನೆಯಲ್ಲಿ ಬೈಸಿಕೊಂಡೆ.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ವೈನಿ ಸಿಕ್ಕರು. ತಮ್ಮನ ಮನೆಯಲ್ಲಿದ್ದರು, ಭತ್ತದ ನಾಟಿಗೆ ಹೋಗುತ್ತಿದ್ದರು. ಮುಖ ಬತ್ತಿತ್ತು, ಆದರೂ ನನ್ನನ್ನು ಕಂಡು ಕಣ್ಣರಳಿಸಿದರು. ಚೀಲಕ್ಕೆ ಕೈ ಹಾಕಿ ಪೇರಲಹಣ್ಣು ತೆಗೆದರು. ತೆಗೆದದ್ದು ಎಡಗೈ. ಕೊಡುವ ಮೊದಲು ಬಲಗೈಗೆ ದಾಟಿಸಿದರು. ನನಗೆ! ಅವರ ಆಟವನ್ನೆಲ್ಲ ಕಣ್ಣಾರೆ ಕಂಡ ನನಗೆ!

“ನನ್ನ ಮುಂದನೂ ಹಿಂಗ್ಯಾಕ ವೈನಿ?” ಎಂದೆ.

ಅವರು ತಮ್ಮ ಕೈಯನ್ನೇ ನೋಡಿಕೊಂಡರು. “ಗೊತ್ತs ಆಗೂದಿಲ್ಲ ಈಗ. ತಾನs ದಾಟತೇತಿ” ಎಂದರು. ಅಷ್ಟರಲ್ಲಿ ತಿಳವಳ್ಳಿ ಬಸ್ಸು ಬಂತು…

ಕೆಲವು ವರ್ಷಗಳ ಹಿಂದೆ ಹಿರೇಕೆರೂರಿನ ಒಂದು ಮದುವೆಯಲ್ಲಿ ಅವರ ಊರ ಹೆಣ್ಣುಮಗಳೊಬ್ಬರು ಪರಿಚಯವಾದರು. ವೈನಿ ಹೇಗಿದ್ದಾರೆ ಎಂದು ಕೇಳಿದೆ. “ಆಕಿ ತೀರಿಕೊಂಡು ಭಾಳ ದಿನಾ ಆತಲ್ಲರೀ” ಎಂದು ಹೇಳಿ ಅವರು ಪಂಕ್ತಿಗೆ ಎದ್ದು ಹೋದರು.

ಕಳೆದ ತಿಂಗಳು ಗುಜರಿ ಅಂಗಡಿಯಿಂದ ಮನೆಗೆ ಬರುವಾಗ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ಅಟ್ಟ ಸ್ವಚ್ಛ ಮಾಡಿಸಿದೆ, ಹಳೆಯದನ್ನೆಲ್ಲ ಗುಜರಿಗೆ ಹಾಕಿದೆ ಎಂದು ತಾನೇ ಹೇಳಿದ. ಪಕ್ಕದಲ್ಲಿ ಅವನ ಮೊಮ್ಮಗಳು ಹೊಟ್ಟೆ ಅಡಿ ಮಾಡಿ ಮಲಗಿ ಬಣ್ಣದ ಪೆನ್ಸಿಲಿನಿಂದ ಗುಬ್ಬಿ ಬರೆಯುತ್ತಿದ್ದಳು.

“ಇಲ್ಲಿ ನೋಡ ತಂಗಿ” ಎಂದು ಕರೆದ. ಅವನ ಮುಖ ಹೆಮ್ಮೆಯಿಂದ ಊದಿತ್ತು. “ನಮ್ಮ ಮೊಮ್ಮಗಳು ರೊಡ್ಡಿ. ರೊಡ್ಡರು ಭಾಳ ಶಾಣ್ಯಾರಿರ್ತಾರಂತ, ಟೀವ್ಯಾಗ ಹೇಳಿದ್ರು. ನಮ್ಮ ಮನಿತನದಾಗ ಇಂಥಾ ಕೂಸು ಇದ ಮೊದಲ.”

“ಇದ ಮೊದಲೇನ್ರಿ ಅಣ್ಣಾರ?” ಎಂದೆ.

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಸತ್ತ ದೊಡ್ಡಪ್ಪನನ್ನು ನೆನೆಸಿದ, ದೂರದ ಅತ್ತೆಯೊಬ್ಬರನ್ನು ನೆನೆಸಿದ, ಅವರ್ಯಾರೂ ಅಲ್ಲ ಎಂದು ತಲೆಯಾಡಿಸಿದ. ನಾನು ಕಾದೆ. ಕೊನೆಗೆ, “ಯಾರ ಬಗ್ಗೆ ಹೇಳಾಕತ್ತೀಯವಾ?” ಎಂದ.

“ತಿಳವಳ್ಳಿ ವೈನಿ. ತೀರಿಕೊಂಡ್ರು.”

“ಹೌದs? ಯಾರೂ ಹೇಳಲಿಲ್ಲಲ್ಲ” ಎಂದ. ಆಮೇಲೆ ಒಳಗಡೆ ತಿರುಗಿ, ಎರಡು ಕಪ್ ಚಹಾ ತರಲು ಕೂಗಿದ.

ಚಹಾಕ್ಕೆ ಕಾಯದೆ ನಾನು ಮನೆಗೆ ಬಂದೆ. ಆ ಹುಡುಗಿ ಹಾಯಾಗಿ ಬರೆಯುತ್ತಿರುವುದು ಕಂಡು ಸಂತೋಷಪಡಬೇಕು ಎಂದು ಗೊತ್ತಿದೆ, ಪಟ್ಟೆ ಕೂಡ. ಆದರೆ ವಯಸ್ಸಾಗಿದೆ, ಇನ್ನಾದರೂ ಮರೆತುಬಿಡು ಎಂದು ಹೇಳುವವರಿಗೆ ಒಂದು ಮಾತು. ವೈನಿಯ ಒಂದು ಫೋಟೋ ಈ ಊರಲ್ಲಿಲ್ಲ, ಅವರ ಎಡಗೈ ರೊಟ್ಟಿಯ ರುಚಿ ಗೊತ್ತಿದ್ದವರಿಲ್ಲ, ಗಂಡನಾದವನ ತಲೆಯಲ್ಲೂ ಅವರಿಲ್ಲ. ಸವಣೂರಿನಲ್ಲಿ ಅವರದೆಂದು ಉಳಿದಿರುವುದು ನನ್ನ ಈ ಸಿಟ್ಟು ಒಂದೇ. ಇದನ್ನೂ ಬಿಟ್ಟುಕೊಡು ಎಂದರೆ ನಾನು ಕೊಡುವುದಿಲ್ಲ.