ಯುಗಾದಿಯ ಮಡಿನೀರು

ಚಿಂಚವಾಡದ ನಮ್ಮ ಕಾಲನಿಯಲ್ಲಿ ಹೋಳಿ ಮುಗಿಯಿತೆಂದರೆ ನೀರಿನ ಜಗಳ ಶುರು. ರಂಗಪಂಚಮಿಗೆ ಮೈತುಂಬ ಬಣ್ಣ ಬಳಿದುಕೊಂಡು ಬಂದ ಗಂಡಸರು ಸ್ನಾನಕ್ಕೆ ನೀರಿಲ್ಲವೆಂದು ನಗರಪಾಲಿಕೆಯನ್ನು ಬಯ್ಯುವರು, ಹೆಂಗಸರು ಆ ಗಂಡಸರನ್ನು ಬಯ್ಯುವರು. ಬೆಳಿಗ್ಗೆ ಒಂದು ತಾಸು ನಲ್ಲಿ ಬಂದರೆ ಅದೇ ಪುಣ್ಯ. ಮೇಲಿನ ಅಂತಸ್ತುಗಳಿಗೆ ನೀರು ಏರುತ್ತಲೇ ಇರಲಿಲ್ಲ. ಆ ಮನೆಗಳವರೆಲ್ಲ ಕೊಡ ಹಿಡಿದು ಕೆಳಗಿನ ನಮ್ಮ ಮನೆಯ ಹಿತ್ತಲ ನಲ್ಲಿಗೆ ಬರುವರು. ಹೊಸ ಸೊಸೆ ಯಾರಾದರೂ ಪಾಳಿಯಲ್ಲಿ ನಿಲ್ಲಲು ನಾಚಿದರೆ ನಮ್ಮವ್ವ, "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು, ಬಾ ಬಾ" ಎಂದು ತಾನೇ ಕೈಹಿಡಿದು ಮುಂದೆ ತಂದು ನಿಲ್ಲಿಸುತ್ತಿದ್ದಳು. ಬಹುಪಾಲು ಮರಾಠಿ ಮನೆಗಳು. ನಡುನಡುವೆ ಬಿಜಾಪುರ, ಬಾಗಲಕೋಟೆ, ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮಂಥವರು. ಅಪ್ಪ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಿನ್ನೂ ಕಾಲೇಜಿನಲ್ಲಿದ್ದೆ. ಆ ವರ್ಷ ಅಕ್ಕ ಬಾಣಂತನಕ್ಕೆಂದು ಸೊಲ್ಲಾಪುರದಿಂದ ತವರಿಗೆ ಬಂದಿದ್ದಳು. ಮದುವೆಯಾಗಿ ಬಹಳ ವರ್ಷವಾಗಿತ್ತು. ಎರಡು ಸಲ ಬಸಿರು ನಿಂತಂತೆ ಮಾಡಿ ಇಳಿದುಹೋಗಿತ್ತು. ಎರಡನೆಯದು ಹೋದ ಮೇಲೆ ಅವಳು ಯಾರ ಮನೆಯ ತೊಟ್ಟಿಲಿಗೂ ಹೋಗುವುದನ್ನು ಬಿಟ್ಟಿದ್ದಳು. ಕರೆದರೆ, "ಬ್ಯಾಡ್ರಿ, ನಾ ಬಂದ್ರ ಕೂಸಿಗೆ ದೃಷ್ಟಿ ಆದೀತು" ಎಂದು ತಾನೇ ಅಂದುಬಿಡುತ್ತಿದ್ದಳು. ಬೇರೆಯವರು ಆಡುವ ಮೊದಲೇ ತಾನು ಆಡಿಕೊಂಡರೆ ನೋವು ಕಡಿಮೆ ಎಂದುಕೊಂಡಿದ್ದಳೋ ಏನೋ, ಹುಚ್ಚಿ. ಈ ಸಲ ಏಳು ತಿಂಗಳಿಗೆ ಬಿದ್ದಿತ್ತು, ಸೀಮಂತದ ಕುಬಸವೂ ಮುಗಿದಿತ್ತು. ಹಸಿರು ಬಳೆ ತುಂಬ ತೊಟ್ಟುಕೊಂಡು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ಈ ಕೂಸು ಕೈಗೆ ಬರಬೇಕು ಎನ್ನುವುದರ ಹೊರತು ನಮ್ಮ ಮನೆಯಲ್ಲಿ ಬೇರೆ ಚಿಂತೆ ಇರಲಿಲ್ಲ. ಅವ್ವ ಪಪ್ಪಾಯಿಯನ್ನು ಕಾಲನಿಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಮಾರುವವನ ಗಾಡಿಯನ್ನು ಗೇಟಿನಿಂದಲೇ ಓಡಿಸುತ್ತಿದ್ದಳು.

ಆ ಚೈತ್ರದ ಮುಂಚೆ ಯಾರೋ ಕೇಬಲ್ ಹಾಕಲೆಂದು ರಸ್ತೆ ಅಗೆದು ನೀರಿನ ಪೈಪು ಒಡೆದು ಹೋದರು. ನಲ್ಲಿಯಲ್ಲಿ ಚಹದ ಬಣ್ಣದ ನೀರು ಬಂತು. ನಗರಪಾಲಿಕೆಯವರು ದುರಸ್ತಿಗೆ ಜನ ಕಳಿಸಿದರು, ಜೊತೆಗೆ ಭೋಂಗಾ, ಅಂದರೆ ಧ್ವನಿವರ್ಧಕ, ಕಟ್ಟಿದ ಒಂದು ಜೀಪನ್ನೂ ಕಳಿಸಿದರು. ಅದು ದಿನವೂ ಕಾಲನಿ ಸುತ್ತುತ್ತ, "ಪಾಣಿ ಉಕಳೂನ್ ಪ್ಯಾ" ಎಂದು ಕೂಗುತ್ತಿತ್ತು. ನೀರು ಕುದಿಸಿ ಕುಡಿಯಿರಿ. ಎಷ್ಟೋ ಜನ ನಕ್ಕರು. ನಮ್ಮವ್ವ ನಗಲಿಲ್ಲ. ಬಸುರಿ ಮಗಳಿದ್ದ ಮನೆಯವಳು ಹೇಗೆ ನಕ್ಕಾಳು? ದೊಡ್ಡ ಪಾತೇಲಿಯಲ್ಲಿ ಕಳಕಳ ಕುದಿಸಿ, ಆರಿಸಿ, ಅಪ್ಪನ ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಸ್ಟೀಲಿನ ಡ್ರಮ್ಮಿಗೆ ತುಂಬುವಳು. ಗ್ಯಾಸ್ ಸಿಲಿಂಡರು ಬೇಗ ಬೇಗ ಖಾಲಿಯಾಗುತ್ತದೆಂದು ಅಪ್ಪ ಗೊಣಗಿದರೆ, "ನಿಮ್ಮ ಗ್ಯಾಸ್ ಉಳಿಸಿ ಏನ ಗಂಟ ಕಟ್ಟೂದದ? ಸುಮ್ಮನ ಕೂಡ್ರಿ" ಎಂದು ಬಾಯಿ ಮುಚ್ಚಿಸುವಳು. ಅಕ್ಕ ಮೊಸರಿನಲ್ಲಿ ನೀರು ಬೆರೆಸಿಕೊಳ್ಳಲು ಹೋದರೂ ಅವ್ವ ಒಳಗಿನಿಂದ ಕೂಗುವಳು: "ಡ್ರಮ್ಮಿಂದು ಹಾಕ್ಕೊಂಡಿಯಿಲ್ಲೋ?"

ಯುಗಾದಿ ಬಂತು. ಮರಾಠಿಯವರ ಗುಢಿಪಾಡವೆಯೂ ಅಂದೇ. ಬೆಳಗಾಗುವಷ್ಟರಲ್ಲಿ ಎದುರುಮನೆಯ ಕಾಕು ಕಿಟಕಿಗೆ ಕೋಲಿನ ತುದಿಗೆ ಜರಿಯ ಬಟ್ಟೆ ಕಟ್ಟಿದ ಗುಢಿ ಏರಿಸಿಬಿಟ್ಟಿರುತ್ತಿದ್ದಳು. ನಮ್ಮ ಕನ್ನಡದ ಮನೆಗಳವರು ಅಂದು ನಗರಪಾಲಿಕೆಯ ಸಮಾಜಮಂದಿರದಲ್ಲಿ ಕೂಡುವ ರೂಢಿ. ವಾರ್ಡ್ ಆಫೀಸಿಗೆ ಅಲೆದು ಅದರ ಪರವಾನಗಿ ತರುವುದು ಅಪ್ಪನ ಕೆಲಸ. ಅಲ್ಲಿ ಪಂಚಾಂಗ ಓದುವುದು, ಮಕ್ಕಳ ಹಾಡು, ಹೆಂಗಸರ ಕೋಲಾಟ, ಎಲ್ಲಕ್ಕೂ ಮೊದಲು ಬೇವು. ಮರಾಠಿಯವರು ಬೇವನ್ನು ಅರೆದು ಚೂರು ಬಾಯಿಗೆ ಹಾಕಿಕೊಂಡು ಮುಗಿಸುತ್ತಾರೆ. ನಮ್ಮ ಕಡೆ ಹಾಗಲ್ಲ, ಬೇವನ್ನು ಗ್ಲಾಸು ತುಂಬ ಕುಡಿಯಬೇಕು. ಬೇವಿನ ಹೂವು, ಬೆಲ್ಲ, ಹುಣಸೆ ರಸ, ಹೆಚ್ಚಿದ ಮಾವಿನಕಾಯಿ, ಪುಠಾಣಿ ಹಿಟ್ಟು, ದ್ರಾಕ್ಷಿ, ಗೋಡಂಬಿ, ಮತ್ತೆ ಕೊಡಗಟ್ಟಲೆ ನೀರು. ಅವ್ವನ ಕೈಯ ಬೇವೆಂದರೆ ಪ್ರಸಿದ್ಧ. ಬೇರೆಯವರು ಮಾಡುತ್ತೇವೆಂದರೆ ಅವಳು ಬಿಡುತ್ತಲೂ ಇರಲಿಲ್ಲ.

ಬೇವು ಒಲೆಯ ಮೇಲೆ ಏರುವ ಪದಾರ್ಥವಲ್ಲ. ಮೊದಲು ದೇವರಿಗೆ ನೈವೇದ್ಯವಾಗಬೇಕು, ಹಾಗಾಗಿ ಅದಕ್ಕೆ ಮಡಿನೀರೇ ಬೇಕು. ಅವ್ವ ನಸುಕಿನಲ್ಲೆದ್ದು ತಲೆಗೆ ನೀರು ಹಾಕಿಕೊಂಡಳು. ಮಡಿಸೀರೆ ಉಟ್ಟು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ನಲ್ಲಿಗೆ ತಾಮ್ರದ ಹಂಡೆ ಹಿಡಿದಳು. ಡ್ರಮ್ಮಿನಲ್ಲಿ ಕುದಿಸಿ ಆರಿಸಿದ ನೀರು ಭರ್ತಿ ಇತ್ತು. ಆದರೆ ಅದು ನಿನ್ನೆಯದು, ನಾವೆಲ್ಲ ಕೈಯದ್ದಿದ್ದು, ಮೈಲಿಗೆ. ದೇವರಿಗೆ ಅದನ್ನು ಕೊಡಲಾದೀತೇ? ಅಷ್ಟರಲ್ಲಿ ಪೈಪು ದುರಸ್ತಿಯಾಗಿ ನಲ್ಲಿಯ ನೀರೂ ತಿಳಿಯಾಗಿತ್ತು. ಜೀಪು ಮಾತ್ರ ಇನ್ನೂ ಕೂಗುತ್ತಲೇ ಇತ್ತು. ಹಬ್ಬದ ದಿನ ಬೆಳಿಗ್ಗೆಯೂ ಕೂಗಿತು. ಅವ್ವ ಹಂಡೆಗೆ ಬೇವಿನ ಹೂವು ಉದುರಿಸುತ್ತ ಅದನ್ನು ಕೇಳಿ, "ಆ ಡ್ರಮ್ಮಿಗೆ ಇವತ್ತಿಂದು ನೀರು ಕಾಸಲಿಕ್ಕಿಡು, ಮರತೀ" ಎಂದು ನನಗೆ ಹೇಳಿದಳು. ನಾನು ಇಟ್ಟೆ. ಒಂದು ಒಲೆಯ ಮೇಲೆ ಕುಡಿಯುವ ನೀರು ಕುದಿಯುತ್ತಿತ್ತು, ಮಾರು ದೂರದಲ್ಲಿ ಅದೇ ನಲ್ಲಿಯ ನೀರಿನಲ್ಲಿ ಬೆಲ್ಲ ಕರಗುತ್ತಿತ್ತು. ಮನೆಯಲ್ಲಿ ನಾಲ್ಕು ಜನ ಇದ್ದೆವು. ನಾಲ್ವರ ಕಣ್ಣಿಗೂ ಅದು ನೀರಾಗಿ ಕಾಣಲಿಲ್ಲ, ಬೇವಾಗಿ ಕಂಡಿತು.

ಸಮಾಜಮಂದಿರದಲ್ಲಿ ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಎಷ್ಟೋ ವರ್ಷಗಳ ಮೇಲೆ ಅವಳು ಹೆಂಗಸರ ನಡುವೆ ಕೂತು ಬಾಯ್ತುಂಬ ನಗುತ್ತಿದ್ದುದನ್ನು ಅಂದು ನೋಡಿದೆ. ಬಸುರಿಗೆ ಹುಳಿಯ ಬಯಕೆ. ಒಂದು ಗ್ಲಾಸು ಗಟಗಟ ಕುಡಿದು, ತಳದ ಮಾವಿನಕಾಯಿ ಚೂರನ್ನು ಬೆರಳಿಂದ ತೆಗೆದು ತಿಂದು, "ಅವ್ವಾ, ಇನ್ನೊಂದೀಟು ಹಾಕ" ಎಂದಳು. ಬಿಜಾಪುರದ ಮುದುಕಿಯೊಬ್ಬಳು, "ಹಾಕವಾ ಹಾಕ, ಎರಡ ಜೀವ ಅದ ಅಕೀದು. ಕೂಸೂ ಕೇಳ್ಲಿಕ್ಹತ್ತೇತಿ" ಎಂದಳು. ಎಲ್ಲರೂ ನಕ್ಕರು. ಅವ್ವ ಸೌಟು ತುಂಬ ದ್ರಾಕ್ಷಿ, ಗೋಡಂಬಿ ಬರುವಂತೆ ಹುಡುಕಿ ಹುಡುಕಿ ಹಾಕಿದಳು.

ಅಕ್ಷಯ ತೃತೀಯ ಕಳೆದ ಮೇಲೆ ಕಾಲನಿಯಲ್ಲಿ ಒಬ್ಬೊಬ್ಬರಿಗೇ ಕಾಮಣಿ ಕಾಣಿಸಿಕೊಂಡಿತು, ಪುಸ್ತಕದಲ್ಲಿ ಕಾಮಾಲೆ ಅನ್ನುತ್ತಾರಲ್ಲ, ಅದು. ಅಕ್ಕನಿಗೆ ಮೊದಲು ಬಾಯಿರುಚಿ ಹೋಯಿತು, ವಾಂತಿಯಾಯಿತು. ಬಸುರಿಯಲ್ಲವೇ, ಆಗುತ್ತದೆ ಎಂದರು. ಆಮೇಲೆ ಒಂದು ಬೆಳಿಗ್ಗೆ ಅಂಗಳದ ಬೆಳಕಿನಲ್ಲಿ ತಲೆ ಬಾಚಿಸಿಕೊಳ್ಳುತ್ತ ಕೂತವಳು ನನ್ನ ಕಡೆ ತಿರುಗಿದಳು. ಕಣ್ಣು ಅರಿಸಿನ ಬಳಿದಂತೆ ಹಳದಿ. ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು. ಪಕ್ಕದವರು ಗಿಡಮೂಲಿಕೆ ಕೊಡುವವನ ಹೆಸರು ಹೇಳಿದರು. ಅಪ್ಪ, ಯಾವತ್ತೂ ದನಿ ಎತ್ತದ ಮನುಷ್ಯ, "ಮೂಲಿಕೆ ಗೀಲಿಕೆ ಏನೂ ಬ್ಯಾಡ" ಎಂದು ಚೀರಿ ರಿಕ್ಷಾ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ವರದಿ ನೋಡಿದವರು ನಮ್ಮನ್ನು ಕೂರಲು ಹೇಳಿದರು. ಬೇರೆಯವರಿಗೆ ಪಥ್ಯದಿಂದಲೇ ಇಳಿಯುವ ಈ ಕಾಮಾಲೆ ದಿನ ತುಂಬುತ್ತ ಬಂದ ಬಸುರಿಯರಿಗೆ ಬಹಳ ಕೆಟ್ಟದ್ದು, ಯಕೃತ್ತನ್ನೇ ತಿಂದುಬಿಡುತ್ತದೆ ಎಂದರು. ಎಷ್ಟು ಕೆಟ್ಟದ್ದು ಎಂದು ಅಪ್ಪ ಕೇಳಲಿಲ್ಲ.

ಅಕ್ಕ ಆಸ್ಪತ್ರೆಯಲ್ಲಿದ್ದಾಗಲೇ ನಗರಪಾಲಿಕೆಯ ಆರೋಗ್ಯ ಖಾತೆಯ ಹೆಂಗಸೊಬ್ಬಳು ಮನೆಮನೆ ಸುತ್ತುತ್ತ ನಮ್ಮಲ್ಲಿಗೂ ಬಂದಳು. ಅವ್ವ ಊಟದ ಡಬ್ಬಿ ಕಟ್ಟಿಸಿಕೊಳ್ಳಲು ಆಗಷ್ಟೇ ಮನೆಗೆ ಬಂದಿದ್ದಳು. ಬಂದವಳು ಮರಾಠಿಯಲ್ಲಿ ಮೆತ್ತಗೆ ಕೇಳಿದಳು: ನೀರು ಕುದಿಸುತ್ತಿದ್ದಿರಾ?

ಅವ್ವ ಎದ್ದು ಡ್ರಮ್ಮಿನ ಮುಚ್ಚಳ ತೆಗೆದೇ ತೋರಿಸಿದಳು. "ನೋಡಿ, ಜೀಪು ಹೇಳಿದ ಮೊದಲನೆಯ ದಿನದಿಂದ ಕುದಿಸಿದ್ದೇನೆ. ಒಂದು ಹನಿ ಹಸಿ ನೀರು ನನ್ನ ಮಗಳ ಬಾಯಿಗೆ ಹೋಗಿಲ್ಲ. ದೇವರ ಆಣೆ" ಎಂದು ಮರಾಠಿಯಲ್ಲೇ ಹೇಳಿದಳು.

ಹೊರಗೆಲ್ಲಾದರೂ ಊಟ? ಬರ್ಫದ ಗೋಲಾ, ಕಬ್ಬಿನ ಹಾಲು, ಶರಬತ್ತು? ಇಲ್ಲ, ಇಲ್ಲ, ಇಲ್ಲ. ಅವಳು ಹೊಸ್ತಿಲನ್ನೇ ದಾಟಿಲ್ಲ. ಯುಗಾದಿಗೆ ಸಮಾಜಮಂದಿರಕ್ಕೆ ಹೋದದ್ದೊಂದೇ.

ಅಲ್ಲಿ ಏನು ಕೊಟ್ಟರು ಎಂದಳು ಆ ಹೆಂಗಸು.

ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ತಲೆ ಎತ್ತಿ ಕನ್ನಡದಲ್ಲಿ ಕೇಳಿದರು: "ಬೇವಿಗೆ ಯಾವ ನೀರ ಹಾಕಿದ್ದಿ?"

"ಮಡಿ ನೀರು!" ಎಂದಳು ಅವ್ವ. ಇದೂ ಒಂದು ಕೇಳುವ ಮಾತೇ ಎಂಬ ಗತ್ತಿನಲ್ಲಿ, ತಟ್ಟನೆ. ಅಂದವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಡ್ರಮ್ಮಿನ ಮುಚ್ಚಳ ಇನ್ನೂ ಅವಳ ಕೈಯಲ್ಲಿತ್ತು. ಆರೋಗ್ಯ ಖಾತೆಯವಳು ಕನ್ನಡ ತಿಳಿಯದೆ ನನ್ನ ಮುಖ ನೋಡಿದಳು. ನಾನೇ ಮರಾಠಿಯಲ್ಲಿ ಹೇಳಬೇಕಾಯಿತು. ನಲ್ಲಿಯ ನೀರು, ಕುದಿಸಿದ್ದಲ್ಲ ಎಂದೆ. ಅವಳು ಬಯ್ಯಲಿಲ್ಲ, ನೀತಿ ಹೇಳಲಿಲ್ಲ. ನೀರಿಗೆ ಹಾಕುವ ಬಿಳಿ ಗುಳಿಗೆಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಎದ್ದಳು.

ಆ ವಾರವೇ ಅಕ್ಕ ಹೋದಳು. ಕೊನೆಗೆ ಅವಳಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಅದಕ್ಕೆ ಮುಂಚಿನ ದಿನ ಕೂಸನ್ನು ಹೊರಗೆ ತೆಗೆದಿದ್ದರು. ಹೆಣ್ಣು, ಅಂಗೈಯಗಲದ ಮೈ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದು ಉಳಿಯಿತು. ಅಷ್ಟು ವರ್ಷ ಯಾವ ಕೂಸಿಗಾಗಿ ಕಾದಿದ್ದಳೋ ಅದರ ಮುಖವನ್ನು ನಮ್ಮಕ್ಕ ನೋಡಲೇ ಇಲ್ಲ.

ಮಾತಾಡಿಸಲು ಬಂದವರೆಲ್ಲ ಹಣೆಬರಹ ಎಂದರು. ಆ ಶಬ್ದ ಕೇಳಿದರೆ ನನಗೆ ಇವತ್ತಿಗೂ ಎದ್ದು ಹೋಗಿಬಿಡಬೇಕು ಅನ್ನಿಸುತ್ತದೆ. ಅದೇ ಬೇವು ಕುಡಿದು ಕಾಮಣಿಯಾಗಿ ಆರಾಮಾದವರು ಮುಂದೆ ಕೂತು, "ನಮಗೂ ಆಗಿತ್ತಲ್ರೀ, ನಾವು ಉಳೀಲಿಲ್ಲೇನು? ನಿಮ್ಮ ತಪ್ಪೇನದ ಅದರಾಗ" ಎಂದರು. ಸಮಾಧಾನ ಹೇಳುವುದೂ ಒಂದು ವಿದ್ಯೆ, ಎಲ್ಲರಿಗೂ ಬರುವುದಿಲ್ಲ. ಅವ್ವ ಸೊಲ್ಲಾಪುರದ ಬೀಗಿತ್ತಿಯ ಮುಂದೆ ಕೂತು ತಾನಾಗಿಯೇ ಎಲ್ಲ ಹೇಳಿದಳು. ಬಯ್ಯಲಿ ಎಂದೇ ಹೇಳಿದಳೆಂದು ನನಗೆ ಅನ್ನಿಸಿತು. ಆ ತಾಯಿ, "ನಾ ಇದ್ದಿದ್ರೂ ಮಡಿ ನೀರ ಹಾಕ್ತಿದ್ದೆ, ವೈನಿ. ಬೇವನ್ನ ಯಾರ ಕಾಸ್ತಾರ?" ಎಂದಳು. ಅವ್ವ ಅಂದು ಅತ್ತಷ್ಟು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಕೂಸು ಕೆಲವು ತಿಂಗಳು ನಮ್ಮಲ್ಲೇ ಇತ್ತು. ಅವ್ವ ಎರೆದಳು, ಎಣ್ಣೆ ತಿಕ್ಕಿದಳು, ಅರಿವೆ ಒಗೆದಳು, ತೊಟ್ಟಿಲು ತೂಗಿದಳು. ಹಾಲು ಮಾತ್ರ ನಾನೇ ಕುಡಿಸಬೇಕು, ನಾನಿಲ್ಲದಾಗ ಅಪ್ಪ. ಹಾಲಿಗೆ ನೀರು ಬೆರೆಸುವುದು, ಚಮಚೆಯಿಂದ ತುಟಿಗೆ ಮುಟ್ಟಿಸುವುದು, ಇವಕ್ಕೆ ಅವಳು ಕೈ ಹಚ್ಚಲಿಲ್ಲ. ಮೊದಮೊದಲು ನಾನು ರೇಗಿದೆ. "ಎಷ್ಟ ಹಟಾನವಾ ನಿಂದು, ಕುದಿಸಿದ್ದ ಅದ ಅಲ್ಲ!" ಎಂದರೆ, "ನೀನ ಕುಡಿಸು" ಎಂದು ಹಿತ್ತಲಿಗೆ ಹೋಗಿಬಿಡುವಳು. ಕಾಲನಿಯವರು ಯುಗಾದಿಗೆ ಕೂಡುವುದನ್ನು ಬಿಡಲಿಲ್ಲ. ನಗರಪಾಲಿಕೆಯ ಸಮಾಜಮಂದಿರ ಇದ್ದಲ್ಲೇ ಇತ್ತು, ಬೇವು ಬೇರೆ ಯಾರೋ ಮಾಡಿದರು. ಕರೆಯಲು ಬಂದವರನ್ನು ಅವ್ವ ಕೂರಿಸಿ ಉಪಚರಿಸಿ ಕಳಿಸುತ್ತಿದ್ದಳು, ಹೋಗುತ್ತಿರಲಿಲ್ಲ.

ಮಗು ಸೊಲ್ಲಾಪುರಕ್ಕೆ ಹೋಯಿತು. ಬೇಸಿಗೆ ರಜೆಗೆ ಅದರ ಅಪ್ಪ, ನಮ್ಮ ಭಾವ, ಕರೆದುಕೊಂಡು ಬಂದು ಬಿಡುತ್ತಿದ್ದರು. ಅದಕ್ಕೆ ನಾಲ್ಕು ತುಂಬಿದ ವರ್ಷ ನಾನು ಶಿವಾಜಿನಗರದ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಮೈ ನೆಟ್ಟಗಿರದೆ ಅರ್ಧ ರಜೆ ಹಾಕಿ ಮಧ್ಯಾಹ್ನದ ಲೋಕಲ್ ರೈಲಿಗೇ ಬಂದುಬಿಟ್ಟೆ. ಅಪ್ಪ ಬ್ಯಾಂಕಿಗೆ ಹೋಗಿದ್ದರಂತೆ. ಉರಿಬಿಸಿಲು, ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಎದುರುಮನೆಯ ಕಾಕುವಿನ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸೊಂಟದ ಮೇಲೆ ಆ ಹುಡುಗಿ.

"ಕಾಕೂ, ಹಿಲಾ ಜರಾ ಪಾಣಿ ದ್ಯಾ ಹೋ" ಎನ್ನುತ್ತಿದ್ದಳು. ಇವಳಿಗೆ ಚೂರು ನೀರು ಕೊಡಿ ಎಂದು.

ಕಾಕು ಏನೂ ಕೇಳದೆ ಒಳಗೆ ಹೋಗಿ ಒಂದು ಲೋಟ ತಂದು ಕೊಟ್ಟಳು. ಇದು ಅವಳಿಗೆ ಹೊಸದಲ್ಲ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ಲೋಟವನ್ನು ಅವ್ವ ಮುಟ್ಟಲಿಲ್ಲ. ಮಗು ಎರಡೂ ಕೈಯಿಂದ ಹಿಡಿದು ಅರ್ಧ ಕುಡಿದು, ನಮ್ಮ ತೆರೆದ ಬಾಗಿಲ ಕಡೆ ನೋಡಿ ಕೇಳಿತು, "ಅಜ್ಜಿ, ನಮ್ಮನ್ಯಾಗ ನೀರಿಲ್ಲೇನು?"

"ಅದ, ಕೂಸ" ಎಂದಳು ಅವ್ವ. "ನೀ ಇದನ್ನ ಕುಡಿ."