ನೀರಣ್ಣ ನಾಲ್ಕನೇ ಸಲ ಮನೆ ಬಿಟ್ಟದ್ದು

ಹಳೆ ಸಾಮಾನು ಕೊಳ್ಳುವ ನನ್ನಂಥವನು ಯಾವ ಮನೆಗೆ ಹೋದರೂ ಮೊದಲು ಬೀರುವಿನ ಬೆನ್ನು ನೋಡುತ್ತಾನೆ. ಮುಂಭಾಗಕ್ಕೆ ಎಲ್ಲರೂ ಬಣ್ಣ ಬಳಿದಿರುತ್ತಾರೆ; ಗೆದ್ದಲು ಇರುವುದು ಹಿಂದೆ. ಮನುಷ್ಯರ ವಿಷಯದಲ್ಲೂ ಇದೇ ಪದ್ಧತಿ ಇಟ್ಟುಕೊಂಡಿದ್ದರೆ ನೀರಣ್ಣನ ಮನೆಗೆ ನಾಲ್ಕು ಸಲ ಟೆಂಪೋ ಓಡಿಸುವ ಗ್ರಹಚಾರ ನನಗೆ ತಪ್ಪುತ್ತಿತ್ತು.

ನೀರಣ್ಣ ಎಂದರೆ ನಮ್ಮ ಬೀದಿಗಳಿಗೆ ನೀರು ಬಿಡುವವನು. ಉದ್ದ ಹಿಡಿಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಸೈಕಲ್ ಮೇಲೆ ಬಂದು, ರಸ್ತೆಯ ಮುಚ್ಚಳ ಎತ್ತಿ ವಾಲ್ವ್ ತಿರುಗಿಸಿದರೆ ನಮಗೆಲ್ಲ ಸ್ನಾನ. ಊರಿಗೆ ದಿನ ಬಿಟ್ಟು ದಿನ ನೀರು. ಅವನ ಹಿತ್ತಿಲ ಕಪ್ಪೆಗಳಿಗೆ ಮಾತ್ರ ದಿನವೂ. ಹನ್ನೆರಡು ವರ್ಷದಲ್ಲಿ ಆ ಹಿತ್ತಿಲಿಗೆ ಅವನು ಕತ್ತರಿ ಹಾಕಿದವನಲ್ಲ. ಹಳೆಯ ಸ್ನಾನದ ತೊಟ್ಟಿಯಲ್ಲಿ ಕಪ್ಪೆ, ಸೌದೆ ರಾಶಿಯಡಿ ಮುಂಗುಸಿ, ಗೋಡೆ ಸಂದಿಯಲ್ಲಿ ಜೇನು. ಪಕ್ಕದ ಮನೆಯವರು ದೂರಿದರೆ, "ನನಗಿಂತ ಮೊದಲಿಂದ ಇರೋರು ಅವ್ರು, ಖಾಲಿ ಮಾಡಿ ಅನ್ನೋಕೆ ನಾನ್ಯಾರು?" ಎನ್ನುತ್ತಿದ್ದ.

ಆ ಹಿತ್ತಿಲ ಸದ್ದೇ ಅವನ ಹೆಂಡತಿಯ ತಲೆ ತಿನ್ನತೊಡಗಿತು. ನಾವೆಲ್ಲ ಅಕ್ಕ ಎಂದು ಕರೆಯುವ ಆಕೆ ಗಟ್ಟಿಗಿತ್ತಿ, ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಎರಡು ವರ್ಷದಿಂದ ಮಾತ್ರ ತರಗೆಲೆ ಸರಿದರೆ ಯಾರೋ ನಡೆದು ಬಂದಂತೆ, ಕಿಟಕಿಗೆ ಬಳ್ಳಿ ತಾಗಿದರೆ ಯಾರೋ ಇಣುಕಿದಂತೆ. ಬಾಗಿಲಡಿಗೆ ಬಟ್ಟೆ ತುರುಕಿದಳು, ಕಿಟಕಿ ಸಂದಿಗೆ ಟೇಪ್ ಅಂಟಿಸಿದಳು, ಕೆಲಸ ಬಿಟ್ಟಳು. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಇನ್ನರ್ಧ ಆ ಮನೆ ಬಿಡೋದ್ರಲ್ಲಿದೆ. ತಡ ಮಾಡಿದ್ರೆ ಮುಂದಿನ ಸಲ ಇವರನ್ನ ಇಲ್ಲೇ ಆಸ್ಪತ್ರೇಲಿ ಉಳಿಸ್ಕೋಬೇಕಾಗುತ್ತೆ." ಅವಳ ತಂಗಿ, ತಾನಿದ್ದ ಮೂರನೇ ಮಹಡಿಯಲ್ಲೇ ಎದುರು ಮನೆ ಹಿಡಿದುಕೊಟ್ಟಳು. ಈ ಮನೆಯನ್ನು ಕೊಂಡವರು ಹಿತ್ತಿಲಿಗೆ ಸಿಮೆಂಟ್ ಹಾಸುವ ಮಾತಾಡುತ್ತಿದ್ದರು.

ನೀರಣ್ಣ ಒಪ್ಪಿದ. ಒಪ್ಪುವುದರಲ್ಲಿ ಅವನದು ಎತ್ತಿದ ಕೈ. ಸಾಮಾನು ಸಾಗಿಸಲು ಮೊದಲ ಸಲ ನಾನು ಟೆಂಪೋ ತಂದಾಗ ಗೊದಮೊಟ್ಟೆಗಳಿಗೆ ಇನ್ನೂ ಕಾಲು ಬಂದಿರಲಿಲ್ಲ. ಎರಡನೇ ಸಲ ನಿಂಬೆಗಿಡದ ಹುಳುಗಳು ಚಿಟ್ಟೆಯಾಗಿರಲಿಲ್ಲ. ಮೂರನೇ ಸಲ ಮುಂಗುಸಿ ಮರಿ ಹಾಕಿತ್ತು. "ಬಾಣಂತಿನ ಬಿಟ್ಟು ಹೋಗೋದು ಹೆಂಗಪ್ಪಾ?" ಎಂದ. ಕಟ್ಟಿಕೊಂಡವಳು ಗಂಟುಮೂಟೆಗಳ ನಡುವೆ ಎರಡು ತಟ್ಟೆ, ಎರಡು ಲೋಟ ಹೊರಗಿಟ್ಟುಕೊಂಡು ಎರಡು ತಿಂಗಳಿಂದ ಕೂತಿದ್ದಳು.

ನಾಲ್ಕನೇ ಸಲ ಹೋದಾಗ ಅಕ್ಕ ಚಪ್ಪಲಿ ಹಾಕಿಕೊಂಡೇ ನಡುಮನೆಯಲ್ಲಿ ಪೆಟ್ಟಿಗೆಯ ಮೇಲಿದ್ದಳು.

"ಇವತ್ತೂ ಹೋಗ್ಲಿಲ್ಲ ಅಂದ್ರೆ ನಾನು ಇನ್ನೊಂದ್ಸಲ ಹೊರಡಲ್ಲ ಕಣಪ್ಪಾ," ಎಂದಳು. ಬೆದರಿಕೆಯ ದನಿಯಲ್ಲ. ಕಾಲು ಮುರಿದ ಕುರ್ಚಿಯನ್ನು ಮುರಿದಿದೆ ಎನ್ನುವ ದನಿ.

ನಾನು ಕೊಂಡಿದ್ದು ವರಾಂಡದ ಬೀರು. ಅಭ್ಯಾಸದಂತೆ ಹಿಂದೆ ಹೋಗಿ ಸಡಿಲವಾದ ಹಲಗೆ ಸರಿಸಿದೆ. ಒಳಗೆ ಹುಲ್ಲು, ಹತ್ತಿ, ಅಕ್ಕನ ಟೇಪಿನ ಚೂರು; ನಡುವೆ ಗುಬ್ಬಿಯ ನಾಲ್ಕು ಮೊಟ್ಟೆ.

ನೀರಣ್ಣನಿಗೆ ಹೇಳಿದರೆ ಅಕ್ಕನ ಕಥೆ ಮುಗಿಯಿತು, ಹೇಳದಿದ್ದರೆ ಗುಬ್ಬಿಯದು. ವ್ಯಾಪಾರಿಗೆ ಇದೇನು ಧರ್ಮಸಂಕಟವಲ್ಲ: ಬೀರು ನನ್ನದು, ಗುಬ್ಬಿ ಯಾರದ್ದೂ ಅಲ್ಲ. ಸದ್ದಿಲ್ಲದೆ ಹಲಗೆ ಮುಚ್ಚಿ ತಿರುಗಿದೆ. ಬಾಗಿಲಲ್ಲಿ ಅಕ್ಕ.

"ಎಷ್ಟು ಮೊಟ್ಟೆ?"

"ಯಾವ ಮೊಟ್ಟೆ ಅಕ್ಕಾ?"

"ಇಷ್ಟು ಕೆಟ್ಟದಾಗಿ ಸುಳ್ಳು ಹೇಳ್ತೀಯ, ಅದು ಹೆಂಗೆ ವ್ಯಾಪಾರ ಮಾಡ್ತೀಯೋ! ವಾರದಿಂದ ಅದರ ಓಡಾಟ ನನ್ನ ಕಿವೀಲೇ ಇದೆ."

"ಹಾಗಾದ್ರೆ ಸುಮ್ನಿರಿ. ಮೊದ್ಲು ಗಾಡಿ ಹತ್ತಿ."

"ಬೇಡ. ಕದ್ದು ಹೋದ್ರೆ, ಅಲ್ಲಿ ನನ್ನ ಮುಖ ನೋಡಿದಾಗೆಲ್ಲ ಅವರಿಗೆ ಈ ಮೊಟ್ಟೆ ಕಾಣುತ್ತೆ. ಕರೆದು ತೋರ್ಸು."

ನೀರಣ್ಣ ಬಂದು ಬಗ್ಗಿ ನೋಡಿದ. ಮುಖ ಅರಳಿತು.

"ಕಾವು ಹನ್ನೆರಡು ದಿನ," ಎಂದ. "ರೆಕ್ಕೆ ಬಲಿಯೋಕೆ ಇನ್ನೊಂದು ಹದಿನೈದು..."

ಅಕ್ಕ ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಕಟ್ಟಿಟ್ಟಿದ್ದ ಹಾಸಿಗೆಯ ಹಗ್ಗ ಬಿಚ್ಚಲು ಕೂತಳು. ಗಂಟು ಬಿಗಿಯಾಗಿತ್ತು. ಹಗ್ಗದ ಮೇಲೆ ಉಗುರು ಜಾರುವ ಸದ್ದು ವರಾಂಡಕ್ಕೂ ಕೇಳುತ್ತಿತ್ತು.

"ಏನ್ ಮಾಡ್ತಿದಾಳೆ ಅವಳು?"

"ನಿನ್ನ ಇಪ್ಪತ್ತೇಳು ದಿನಕ್ಕೆ ಹೂಂ ಅಂತಿದಾಳೆ ಕಣಯ್ಯಾ," ಎಂದೆ. ನನಗೂ ರೇಗಿತ್ತು. "ಕಪ್ಪೆಗೆಷ್ಟು ದಿನ, ಗುಬ್ಬಿಗೆಷ್ಟು ದಿನ ಎಲ್ಲ ನಿನ್ನ ನಾಲಿಗೆ ತುದೀಲಿದೆ. ಅಕ್ಕ ನಿದ್ದೆ ಮಾಡಿ ಎಷ್ಟು ದಿನ ಆಯ್ತು, ಹೇಳು ನೋಡೋಣ."

ಅವನು ಹಲಗೆಯನ್ನು ನಿಧಾನವಾಗಿ ಜಾಗಕ್ಕೆ ತಂದ. ಹತ್ತು ಹೆಜ್ಜೆಯ ನಡುಮನೆ ದಾಟಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಅವಳ ಕೈಯಿಂದ ಹಗ್ಗ ತೆಗೆದುಕೊಂಡು, ಮೊಣಕಾಲೂರಿ, ಹಾಸಿಗೆಯನ್ನು ಮತ್ತೆ ಬಿಗಿದ.

"ಏಳೇ. ಚಪ್ಪಲಿ ಹಾಕ್ಕೋ."

"ಮೊಟ್ಟೆ?"

"ಬೀರು ಇಲ್ಲೇ ಇರ್ಲಿ. ಅದರ ಹಣೇಲಿ ಬರೆದ ಹಾಗೆ ಆಗುತ್ತೆ."

"ಬೀರು ನಂದು ಸ್ವಾಮಿ," ಎಂದೆ. "ಹೊಸಬ್ರಿಗೆ ನಾನು ಹೇಳ್ಕೋತೀನಿ. ತಿಂಗಳು ಬಿಟ್ಟು ಬರ್ತೀನಿ, ಅಲ್ಲೀವರೆಗೆ ಯಾರೂ ಮುಟ್ಟಬಾರ್ದು ಅಂತ." ನಷ್ಟದ ವ್ಯಾಪಾರ. ಗುಬ್ಬಿಯ ಜೊತೆ ಚೌಕಾಶಿ ಮಾಡಲಾದೀತೇ?

ನೀರಣ್ಣ ಹಿತ್ತಿಲ ಕಡೆ ಹೋಗಲೇ ಇಲ್ಲ. ಹೋದರೆ ಕಾಲು ಬೇರು ಬಿಡುತ್ತದೆಂದು ಅವನಿಗೇ ಗೊತ್ತಿತ್ತು. ಸಾಮಾನು ಏರಿತು, ಇಬ್ಬರೂ ಏರಿದರು, ಟೆಂಪೋ ಬೇಲಿಯನ್ನು ಸವರಿಕೊಂಡು ಹೊರಟಿತು.

"ನಿಲ್ಸು!" ಎಂದ ನೀರಣ್ಣ.

ಅಕ್ಕ ಕಣ್ಣು ಮುಚ್ಚಿದಳು. ನಾನು ಬ್ರೇಕ್ ಒತ್ತಿ, ಇವನನ್ನು ಈ ಸಲ ಕುತ್ತಿಗೆ ಹಿಡಿದೇ ಕೂರಿಸಬೇಕು ಎಂದುಕೊಂಡೆ. ಬೇಲಿಯ ಬಳ್ಳಿ ಅವಳ ಕಡೆಯ ಕಿಟಕಿಯೊಳಗೆ ಬಂದು ಭುಜ ಸವರುತ್ತಿತ್ತು. ನೀರಣ್ಣ ಅವಳ ಮೇಲಿಂದ ಕೈ ಚಾಚಿ ಅದನ್ನು ಹೊರಗೆ ತಳ್ಳಿದ, ಗಾಜು ಏರಿಸಿದ, ಅವಳನ್ನು ನಡುವಿಗೆ ಕರೆದುಕೊಂಡು ತಾನು ಕಿಟಕಿಯ ಪಕ್ಕಕ್ಕೆ ಸರಿದ.

"ಈಗ ಹೊಡಿ," ಎಂದ.